ಮನೆಗಳು ಬರುವ ಹೊತ್ತಿಗೆ ಜನ ಹೋಗಿದ್ದರು: ಸಿಯಾಟಲ್‌ನ ಒಂದು ಬಡಾವಣೆ, ಅಮೆರಿಕದ ಒಂದು ತೆರಿಗೆ ಕಾನೂನು

ಸಿಯಾಟಲ್ ನಗರದ ಸೆಂಟ್ರಲ್ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ 1970ರ ಸುಮಾರಿಗೆ ಶೇ. 70ಕ್ಕಿಂತ ಹೆಚ್ಚು ಮಂದಿ ಕಪ್ಪು ಸಮುದಾಯದವರಿದ್ದರು. ಈಗ ಆ ಪ್ರಮಾಣ ಶೇ. 20ಕ್ಕಿಂತ ಕೆಳಗಿಳಿದಿದೆ. ಇಷ್ಟೆಲ್ಲ ಆದ ಮೇಲೆ ಅದೇ ಬಡಾವಣೆಯ ನಡುಭಾಗದಲ್ಲಿ, 23ನೇ ಅವೆನ್ಯೂ ಮತ್ತು ಯೂನಿಯನ್ ಸ್ಟ್ರೀಟ್ ಸೇರುವ ಸರ್ಕಲ್ಲಿನ ಸುತ್ತ, ಕಡಿಮೆ ಬಾಡಿಗೆಯ ಮನೆಗಳು ಏಳುತ್ತಿವೆ. ಇಂಥ ಮನೆಗಳನ್ನು ಕಟ್ಟಲು ಅಮೆರಿಕದಲ್ಲಿ ಇರುವ ದೊಡ್ಡ ಹಣದ ಮೂಲವೆಂದರೆ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆ ಕ್ರೆಡಿಟ್, ಅಂದರೆ ಕಟ್ಟಬೇಕಾದ ತೆರಿಗೆಯಲ್ಲೇ ಸಿಗುವ ಕಡಿತ.

ಇದರ ಬಗ್ಗೆ ಎರಡು ವಾದಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಬಡವರನ್ನು ತಂದು ತುಂಬಿ ಬಡಾವಣೆಯನ್ನು ಹಾಳು ಮಾಡುತ್ತಾರೆ ಎಂಬುದು ಒಂದು. ಹೊಸ ಕಟ್ಟಡಗಳೆಲ್ಲ ಹಳಬರನ್ನು ಒಕ್ಕಲೆಬ್ಬಿಸುವ ಹುನ್ನಾರ, ಅದಕ್ಕೆ ಸರ್ಕಾರದ ಹಣವೂ ಸೇರಿದೆ ಎಂಬುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಈ ತೆರಿಗೆ ಕಾನೂನಿಗೆ ಎಷ್ಟು ಮನೆ, ಎಷ್ಟು ಬಾಡಿಗೆ, ಎಷ್ಟು ವರ್ಷ ಎಂಬ ಮೂರು ಲೆಕ್ಕ ಮಾತ್ರ ಗೊತ್ತು. ಮನೆಯೊಳಗೆ ಯಾರು ಬರುತ್ತಾರೆ, ಬೀದಿಯಿಂದ ಯಾರು ಹೋಗುತ್ತಾರೆ ಎಂಬುದನ್ನು ಅದು ಕೇಳುವುದೇ ಇಲ್ಲ. ಬಡಾವಣೆಯ ಜನ ಬದಲಾಗುವುದು ಕಾನೂನು ಕೇಳದೇ ಬಿಟ್ಟ ಆ ಜಾಗದಲ್ಲಿ.

ಕಪ್ಪು ಜನ ಇಲ್ಲಿಗೆ ಬಂದದ್ದು ಇಂದು ನಿನ್ನೆಯಲ್ಲ. ವಿಲಿಯಂ ಗ್ರೋಸ್ ಎಂಬ ಕಪ್ಪು ಉದ್ಯಮಿ 1882ರಲ್ಲಿ ಹೆನ್ರಿ ಯೆಸ್ಲರ್‌ನಿಂದ ಈಸ್ಟ್ ಮ್ಯಾಡಿಸನ್ ಬಳಿ 12 ಎಕರೆ ಕೊಂಡ. ಅದರ ಸುತ್ತ ಕಪ್ಪು ಕುಟುಂಬಗಳು ನೆಲೆಯೂರಿದವು. ಆಮೇಲೆ ಅವರು ಅಲ್ಲೇ ಉಳಿದದ್ದು ಮಾತ್ರ ಪೂರ್ತಿ ಸ್ವಂತ ಆಯ್ಕೆಯಿಂದಲ್ಲ. ನಗರದ ಬೇರೆ ಬಡಾವಣೆಗಳ ಕ್ರಯಪತ್ರಗಳಲ್ಲೇ 'ಬಿಳಿಯರಲ್ಲದವರಿಗೆ ಮಾರಕೂಡದು' ಎಂಬ ಷರತ್ತು ಇರುತ್ತಿತ್ತು. 1930ರ ದಶಕದಲ್ಲಿ ಸಾಲ ಕೊಡುವವರಿಗಾಗಿ ತಯಾರಾದ ಸರ್ಕಾರಿ ನಕ್ಷೆಗಳು ಇಂಥ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದವು. ಕೆಂಪು ಗೆರೆಯೊಳಗೆ ಬ್ಯಾಂಕು ಸಾಲ ಹುಟ್ಟುತ್ತಿರಲಿಲ್ಲ. ಮನೆ ಮಾರಾಟದಲ್ಲಿ ಜನಾಂಗಭೇದ ಬೇಡವೆಂಬ ಪ್ರಸ್ತಾವವನ್ನು 1964ರಲ್ಲಿ ಸಿಯಾಟಲ್ ಮತದಾರರೇ ಎರಡಕ್ಕೊಂದರ ಅಂತರದಲ್ಲಿ ಸೋಲಿಸಿದರು. ಕೊನೆಗೆ ನಗರಸಭೆ ಆ ಕಾನೂನನ್ನು ಅಂಗೀಕರಿಸಿದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಎರಡೇ ವಾರದಲ್ಲಿ. ಅದನ್ನು ಮುಂದೆ ನಿಂತು ನಡೆಸಿದವರು ನಗರಸಭೆಯ ಮೊದಲ ಕಪ್ಪು ಸದಸ್ಯ ಸ್ಯಾಮ್ ಸ್ಮಿತ್.

ಜನಾಂಗಭೇದದ ಈ ಬೇಲಿ ಉರುಳಿದ ಮೇಲೆ ಹೋಗಬಲ್ಲವರು ಹೊರಗೆ ಹೋದರು. ಅದು ಅವರ ಹಕ್ಕೇ ಆಗಿತ್ತು. ಬೇಸರದ ಕಥೆ ಶುರುವಾಗುವುದು ಆಮೇಲೆ. ಡೌನ್‌ಟೌನ್‌ಗೆ ಇಷ್ಟು ಹತ್ತಿರದ ಜಾಗದ ಬೆಲೆ 1990ರ ದಶಕದಿಂದ ಏರತೊಡಗಿತು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆಯ ಭಾರ ಮಾತ್ರ ತಪ್ಪಿದ್ದಲ್ಲ. ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಮನೆಯ ಬೆಲೆ ಏರಿದಂತೆಲ್ಲ ತೆರಿಗೆ ಬಿಲ್ಲೂ ಏರಿತು. ಕೆಲವರು ಮಾರಿದರು, ಕೆಲವರು 2008ರ ಸಾಲದ ಬಿಕ್ಕಟ್ಟಿನಲ್ಲಿ ಕಳೆದುಕೊಂಡರು, ಬಾಡಿಗೆದಾರರಿಗಂತೂ ಆಯ್ಕೆಯೇ ಇರಲಿಲ್ಲ. ರೆಂಟನ್, ಕೆಂಟ್, ಫೆಡರಲ್ ವೇ, ಇನ್ನೂ ದಕ್ಷಿಣಕ್ಕೆ ಟಕೋಮಾ, ಹೀಗೆ ಕುಟುಂಬಗಳು ಚದುರಿದವು. ಚರ್ಚುಗಳು ಮಾತ್ರ ಹಳೆಯ ಜಾಗದಲ್ಲೇ ಉಳಿದವು. ಭಾನುವಾರದ ಪ್ರಾರ್ಥನೆಗೆ ಊರಾಚೆಯಿಂದ ಕಾರಿನಲ್ಲಿ ಬರುವವರು ಇಂದಿಗೂ ಇದ್ದಾರೆ.

ಇನ್ನು ತೆರಿಗೆ ಕ್ರೆಡಿಟ್. ಅಧ್ಯಕ್ಷ ರೊನಾಲ್ಡ್ ರೇಗನ್ 1986ರಲ್ಲಿ ಸಹಿ ಹಾಕಿದ ತೆರಿಗೆ ಸುಧಾರಣಾ ಕಾಯ್ದೆಯಲ್ಲಿ ಇದು ಹುಟ್ಟಿತು, 1993ರಲ್ಲಿ ಕಾಯಂ ಆಯಿತು. ತೆರಿಗೆ ಸಂಹಿತೆಯ 42ನೇ ಸೆಕ್ಷನ್ ಎಂದರೆ ಅಲ್ಲಿನ ಬಿಲ್ಡರುಗಳಿಗೆ ತಕ್ಷಣ ಗೊತ್ತಾಗುತ್ತದೆ. ಸರ್ಕಾರ ತಾನೇ ಮನೆ ಕಟ್ಟಿ ಬಾಡಿಗೆಗೆ ಕೊಡುವ ಪದ್ಧತಿಯಿಂದ ಅಮೆರಿಕ ಹಿಂದೆ ಸರಿದ ಮೇಲೆ, ಕಡಿಮೆ ಬಾಡಿಗೆಯ ಹೊಸ ಮನೆಗಳೆಂದರೆ ಹೆಚ್ಚುಕಡಿಮೆ ಇದರಿಂದಲೇ ಬಂದವು ಎನ್ನಬಹುದು. ಇದುವರೆಗೆ 30 ಲಕ್ಷಕ್ಕೂ ಮಿಕ್ಕಿದ ಮನೆಗಳು ಹೀಗೆ ಎದ್ದವು ಅಥವಾ ದುರಸ್ತಿಯಾದವು.

ಕ್ರೆಡಿಟ್ ಎಂದರೆ ಆದಾಯದಲ್ಲಿ ಸಿಗುವ ವಿನಾಯಿತಿಯಲ್ಲ. ನಮ್ಮ ಆದಾಯ ತೆರಿಗೆಯ 87ಎ ರಿಬೇಟ್ ಇದ್ದ ಹಾಗೆ, ಕಟ್ಟಬೇಕಾದ ತೆರಿಗೆಯ ಮೊತ್ತದಲ್ಲೇ ನೇರ ಕಡಿತ. ಪ್ರತಿ ರಾಜ್ಯಕ್ಕೂ ಜನಸಂಖ್ಯೆಗೆ ತಕ್ಕಂತೆ ಇಂತಿಷ್ಟು ಕ್ರೆಡಿಟ್ ಸಿಗುತ್ತದೆ. ರಾಜ್ಯದ ವಸತಿ ಹಣಕಾಸು ಸಂಸ್ಥೆ ಅಂಕ ಹಾಕಿ ಯೋಜನೆಗಳನ್ನು ಆರಿಸುತ್ತದೆ. ಗೆದ್ದ ಬಿಲ್ಡರ್ ಲಾಭರಹಿತ ಸಂಸ್ಥೆಯಾಗಿದ್ದರೆ ಅದಕ್ಕೆ ಕಟ್ಟಲು ತೆರಿಗೆಯೇ ಇರುವುದಿಲ್ಲ, ಕ್ರೆಡಿಟ್ ಇಟ್ಟುಕೊಂಡು ಏನು ಮಾಡುವುದು? ಹಾಗಾಗಿ ಅದನ್ನು ತೆರಿಗೆ ಹೊರೆ ಇರುವ ಬ್ಯಾಂಕಿಗೆ ಮಾರುತ್ತದೆ. ಒಂದು ಲೆಕ್ಕ ನೋಡಿ. ಅರ್ಹ ವೆಚ್ಚ 2 ಕೋಟಿ ಡಾಲರ್ ಇರುವ ಕಟ್ಟಡಕ್ಕೆ ಶೇ. 9ರ ಕ್ರೆಡಿಟ್ ಸಿಕ್ಕರೆ ವರ್ಷಕ್ಕೆ 18 ಲಕ್ಷ ಡಾಲರ್, 10 ವರ್ಷಕ್ಕೆ 1 ಕೋಟಿ 80 ಲಕ್ಷ. ಬ್ಯಾಂಕು ಒಂದು ಡಾಲರ್ ಕ್ರೆಡಿಟ್‌ಗೆ 85 ಸೆಂಟ್ ಕೊಟ್ಟಿತೆಂದುಕೊಳ್ಳಿ. ಕಟ್ಟಡಕ್ಕೆ 1 ಕೋಟಿ 53 ಲಕ್ಷ ಡಾಲರ್ ಬಂತು. ಅದು ಸಾಲವಲ್ಲ, ಬಂಡವಾಳ. ಅಷ್ಟು ಸಾಲ ಕಡಿಮೆಯಾದ್ದರಿಂದ ಬಾಡಿಗೆ ಇಳಿಸಲು ಸಾಧ್ಯ. ಶೇ. 4ರ ಇನ್ನೊಂದು ಬಗೆಯಿದೆ. ಅದು ಸರ್ಕಾರಿ ಬಾಂಡ್ ಜೊತೆಗೆ ಬರುತ್ತದೆ, ಹಣ ಕಡಿಮೆ, ಸಿಗುವುದು ಸುಲಭ.

ಈ ಯೋಜನೆಯನ್ನು ಫೆಡರಲ್ ಮಟ್ಟದಲ್ಲಿ ನೋಡಿಕೊಳ್ಳುವುದು ವಸತಿ ಇಲಾಖೆಯಲ್ಲ, ತೆರಿಗೆ ಇಲಾಖೆ. ತೆರಿಗೆ ಇಲಾಖೆಗೆ ನಿಯಮ ಮುರಿದ ಕಟ್ಟಡದಿಂದ ಕ್ರೆಡಿಟ್ ವಾಪಸ್ ಪಡೆಯುವುದು ಗೊತ್ತು, ಬೀದಿಯ ಜನಜೀವನ ಗೊತ್ತಿಲ್ಲ. ಈ ಮನೆಗಳಲ್ಲಿ ಯಾವ ಜನಾಂಗದವರಿದ್ದಾರೆ, ಅವರ ಆದಾಯವೆಷ್ಟು ಎಂಬ ಮಾಹಿತಿಯನ್ನು ರಾಜ್ಯಗಳು ಕಡ್ಡಾಯವಾಗಿ ಕೊಡಬೇಕೆಂಬ ಕಾನೂನು ಬಂದದ್ದೇ 2008ರಲ್ಲಿ. ಅಂದರೆ ಮೊದಲ 20 ವರ್ಷಕ್ಕೂ ಹೆಚ್ಚು ಕಾಲ ದೇಶದ ಅತಿದೊಡ್ಡ ಬಾಡಿಗೆ ಮನೆ ಯೋಜನೆಯಲ್ಲಿ ಯಾರು ವಾಸವಾಗಿದ್ದಾರೆಂದು ದೆಹಲಿಯಂಥ ರಾಜಧಾನಿಯಲ್ಲಿ ಕುಳಿತವರಿಗೆ, ಅಂದರೆ ವಾಷಿಂಗ್ಟನ್ ಡಿ.ಸಿ.ಯವರಿಗೆ, ಒಟ್ಟು ಲೆಕ್ಕವೇ ಇರಲಿಲ್ಲ.

ಬಾಡಿಗೆಯ ವಿಷಯದಲ್ಲಿ ನಮ್ಮವರ ಸಂಬಂಧವೂ ಇದೆ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಇಲ್ಲಿ ಬಾಡಿಗೆ ನಿಗದಿಯಾಗುವುದು ಬಾಡಿಗೆದಾರರ ಸಂಬಳ ನೋಡಿಯಲ್ಲ, ಆ ಪ್ರದೇಶದ ಮಧ್ಯಮ ಆದಾಯ ನೋಡಿ. ಎಲ್ಲ ಕುಟುಂಬಗಳನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಕುಟುಂಬದ ಆದಾಯ ಅದು. ಅದರ ಶೇ. 60ರೊಳಗೆ ಗಳಿಸುವವರು ಅರ್ಹರು; ಆ ಮಿತಿಯ ಶೇ. 30ರಷ್ಟನ್ನು ಬಾಡಿಗೆಯಾಗಿ ಕೇಳಬಹುದು. ಸಿಯಾಟಲ್‌ನ ಲೆಕ್ಕಕ್ಕೆ ಕಿಂಗ್ ಮತ್ತು ಸ್ನೊಹೊಮಿಶ್ ಕೌಂಟಿಗಳೆರಡೂ ಸೇರುತ್ತವೆ. ಅಂದರೆ ರೆಡ್‌ಮಂಡ್, ಬೆಲ್‌ವ್ಯೂ, ಸಮಾಮಿಶ್ ಎಲ್ಲವೂ ಒಳಗೆ. ಮೈಕ್ರೋಸಾಫ್ಟ್, ಅಮೆಜಾನ್‌ಗಳಲ್ಲಿ ಕೆಲಸ ಮಾಡುವ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಎಂಜಿನಿಯರುಗಳ ಸಂಬಳವೂ ಆ ಸಾಲಿನಲ್ಲಿ ನಿಲ್ಲುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಲೇಕ್ ವಾಷಿಂಗ್ಟನ್ ಸರೋವರದ ಆಚೆ ದಡದ ಸಂಬಳ ಏರಿದಾಗ ಈಚೆ ದಡದ 'ಕಡಿಮೆ ಬಾಡಿಗೆ'ಯ ಮಿತಿಯೂ ಏರುತ್ತದೆ ಎಂಬುದು ಅಲ್ಲಿರುವ ಕನ್ನಡಿಗರಿಗೂ ಗೊತ್ತಿರಬೇಕಾದ ಸಂಗತಿ.

ನಾಲ್ಕು ಜನರ ಕುಟುಂಬಕ್ಕೆ ಆ ಪ್ರದೇಶದ ಮಧ್ಯಮ ಆದಾಯ ಈಗ ಸುಮಾರು ಒಂದೂವರೆ ಲಕ್ಷ ಡಾಲರ್. ಅದರ ಶೇ. 60 ಎಂದರೆ 90,000. ಒಬ್ಬರೇ ಇದ್ದರೆ ನಿಯಮದ ಪ್ರಕಾರ ಅದರ ಶೇ. 70, ಅಂದರೆ 63,000. ಅದರಲ್ಲಿ ಶೇ. 30 ತೆಗೆದು 12ರಿಂದ ಭಾಗಿಸಿದರೆ ಒಂದೇ ಕೋಣೆಯ ಸ್ಟುಡಿಯೊಗೆ ತಿಂಗಳಿಗೆ 1,575 ಡಾಲರ್‌ವರೆಗೆ ಬಾಡಿಗೆ ಹಾಕಬಹುದು. ಕರೆಂಟ್ ಮುಂತಾದ ಖರ್ಚು ಅದರಲ್ಲೇ ಸೇರಿರುತ್ತದೆ. ಸಿಯಾಟಲ್‌ನಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 20.76 ಡಾಲರ್. ವಾರಕ್ಕೆ 40 ಗಂಟೆ, ವರ್ಷವಿಡೀ ರಜೆಯಿಲ್ಲದೆ ದುಡಿದರೂ ತಿಂಗಳಿಗೆ 3,600 ಡಾಲರ್ ದಾಟುವುದಿಲ್ಲ. ಅದರಲ್ಲಿ ಶೇ. 44ರಷ್ಟು ಬಾಡಿಗೆಗೇ ಹೋಯಿತು. ಸಂಬಳದ ಶೇ. 30ಕ್ಕಿಂತ ಹೆಚ್ಚು ಬಾಡಿಗೆ ಕೊಡುವವರನ್ನು ಹೊರೆ ಹೊತ್ತವರೆಂದು ಇದೇ ಸರ್ಕಾರ ಗುರುತಿಸುತ್ತದೆ. ಬಾಡಿಗೆಯ ಒಂದು ಭಾಗವನ್ನು ಸರ್ಕಾರವೇ ಕೊಡುವ ವೌಚರ್ ಇದ್ದವರಿಗೆ ಮಾತ್ರ ಅವರ ಸ್ವಂತ ಆದಾಯಕ್ಕೆ ತಕ್ಕ ಪಾಲು. ವೌಚರ್ ಸಿಗಲು ವರ್ಷಗಟ್ಟಲೆ ಕಾಯಬೇಕು. ಮಧ್ಯಮ ಆದಾಯದ ಶೇ. 30ರ ಮಟ್ಟದ ಮನೆಗಳೂ ಇರುತ್ತವೆ, ಆದರೆ ಅಷ್ಟು ಇಳಿಸಲು ತೆರಿಗೆ ಕ್ರೆಡಿಟ್ ಒಂದೇ ಸಾಲದು, ನಗರದ ಹಣವೂ ಬೇಕು. ಸಿಯಾಟಲ್ ಮತದಾರರು 2023ರಲ್ಲಿ ಏಳು ವರ್ಷಕ್ಕೆ 97 ಕೋಟಿ ಡಾಲರ್‌ಗಳ ವಸತಿ ತೆರಿಗೆಗೆ ಒಪ್ಪಿದ್ದು ಇಂಥದಕ್ಕೇ. 1964ರಲ್ಲಿ ಬೇಡವೆಂದ ಊರು ಇಲ್ಲಿಗೆ ಬಂದು ತಲುಪಿದ್ದನ್ನೂ ಹೇಳಬೇಕು.

ಇನ್ನೊಂದು ವಿಚಿತ್ರ ಗಮನಿಸಿ. ಬಾಡಿಗೆ ತಾಳದೆ ಟಕೋಮಾಗೆ ಹೋದ ಕುಟುಂಬ ಪಿಯರ್ಸ್ ಕೌಂಟಿಗೆ ಸೇರಿತು, ಅದರ ಲೆಕ್ಕ ಬೇರೆ. ಬಡವರು ಗಡಿ ದಾಟಿದಷ್ಟೂ ಸಿಯಾಟಲ್‌ನ ಮಧ್ಯಮ ಆದಾಯ ಮೇಲೇರುತ್ತದೆ, ಉಳಿದವರ ಬಾಡಿಗೆ ಮಿತಿಯೂ ಅದರ ಜೊತೆಗೆ.

ಕಟ್ಟಡ ಎಲ್ಲಿ ಏಳಬೇಕು ಎಂಬ ಪ್ರಶ್ನೆಗೆ ಬಂದರೆ ಕಾನೂನಿನ ಒಳಗೇ ಜಗಳವಿದೆ. ಬಡತನ ಹೆಚ್ಚಿರುವ ಜನಗಣತಿ ವಲಯದಲ್ಲಿ ಕಟ್ಟಿದರೆ ಅರ್ಹ ವೆಚ್ಚವನ್ನು ಶೇ. 30ರಷ್ಟು ಹೆಚ್ಚಿಸಿ ಲೆಕ್ಕ ಹಾಕಲು ಅವಕಾಶವಿದೆ. ಸಹಜವಾಗಿ ಬಿಲ್ಡರುಗಳು ಅಲ್ಲಿಗೇ ಹೋಗುತ್ತಾರೆ. ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಹೀಗಾಗಿ ಕಪ್ಪು ಜನರ ಕೇರಿಗಳಲ್ಲೇ ಇಂಥ ಮನೆಗಳು ಕಿಕ್ಕಿರಿದು, ಬಿಳಿಯರ ಉಪನಗರಗಳಲ್ಲಿ ಬೆರಳೆಣಿಕೆಯಷ್ಟೂ ಬಾರದಾದವು ಎಂದು ಇನ್‌ಕ್ಲೂಸಿವ್ ಕಮ್ಯುನಿಟೀಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ರಾಜ್ಯದ ಮೇಲೆ ದಾವೆ ಹೂಡಿತು. ಉದ್ದೇಶ ಕೆಟ್ಟದಿರಲಿ ಬಿಡಲಿ, ಪರಿಣಾಮದಲ್ಲಿ ಭೇದಭಾವವಾದರೆ ಅದನ್ನು ಪ್ರಶ್ನಿಸಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಹೇಳಿತು. ತತ್ವದಲ್ಲಿ ಗೆದ್ದರೂ ಕೆಳ ನ್ಯಾಯಾಲಯಕ್ಕೆ ಮರಳಿದ ಆ ದಾವೆ ಮರುವರ್ಷ ವಜಾ ಆಯಿತು.

ಡಲ್ಲಾಸ್‌ನವರ ದೂರು 'ನಮ್ಮ ಕೇರಿಯಲ್ಲೇ ಯಾಕೆ ಇಷ್ಟೊಂದು' ಎಂದು. ಸೆಂಟ್ರಲ್ ಡಿಸ್ಟ್ರಿಕ್ಟ್‌ನವರ ದೂರು 'ನಾವಿದ್ದಾಗ ಯಾಕೆ ಕಟ್ಟಲಿಲ್ಲ' ಎಂದು. ಎರಡೂ ನ್ಯಾಯವೇ. ಬೆಲೆ ಬಿದ್ದ ಬಡಾವಣೆಯಲ್ಲಿ ಇಂಥ ಕಟ್ಟಡಗಳನ್ನು ಒತ್ತೊತ್ತಾಗಿ ಕಟ್ಟಿದರೆ ಬಡತನ ಒಂದೇ ಕಡೆ ಹೆಪ್ಪುಗಟ್ಟುತ್ತದೆ. ಬೆಲೆ ಏರುತ್ತಿರುವ ಕಡೆ ಕಟ್ಟದಿದ್ದರೆ ಬಡವರು ಅಲ್ಲಿ ಉಳಿಯುವುದೇ ಇಲ್ಲ. ಏರುವ ಮೊದಲು ಜಾಗ ಅಗ್ಗ, ಏರಿದ ಮೇಲೆ ಜಾಗ ಕೊಳ್ಳುವುದರಲ್ಲೇ ಹಣ ಮುಗಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಸಿಯಾಟಲ್ ಎಡವಿದ್ದು ಕಾಲದ ವಿಷಯದಲ್ಲಿ. 1990ರ ದಶಕದಲ್ಲೇ ಖಾಲಿ ನಿವೇಶನಗಳನ್ನು ಸಾರ್ವಜನಿಕ ಟ್ರಸ್ಟ್‌ಗಳ ಹೆಸರಿಗೆ ಮಾಡಿದ್ದರೆ ಈಗಿನ ಅರ್ಧ ಖರ್ಚು ಉಳಿಯುತ್ತಿತ್ತೇನೋ.

ಕಟ್ಟಡ ಬಂದರೆ ಬಡಾವಣೆಯ ಬೆಲೆ ಬೀಳುತ್ತದೆ ಎಂಬ ಹೆದರಿಕೆಗೆ ಆಗ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಅರ್ಥಶಾಸ್ತ್ರಜ್ಞರಾದ ರೆಬೆಕಾ ಡೈಮಂಡ್ ಮತ್ತು ಟಿಮ್ ಮೆಕ್ವೇಡ್ ಅವರ ಅಧ್ಯಯನ ಉತ್ತರ ಕೊಟ್ಟಿದೆ. ಬಡ ಬಡಾವಣೆಗಳಲ್ಲಿ ಇಂಥ ಕಟ್ಟಡದ ತೀರ ಹತ್ತಿರದ ಮನೆಗಳ ಬೆಲೆ ಸುಮಾರು ಶೇ. 6.5 ಏರಿತ್ತು, ಅಪರಾಧ ಇಳಿದಿತ್ತು. ಅಲ್ಪಸಂಖ್ಯಾತರು ಕಡಿಮೆಯಿರುವ ಸ್ಥಿತಿವಂತರ ಬಡಾವಣೆಗಳಲ್ಲಿ ಸುಮಾರು ಶೇ. 2.5 ಇಳಿದಿತ್ತು. ಮನೆ ಇದ್ದವರಿಗೆ ಆ ಏರಿಕೆ ಲಾಭ. ಪಕ್ಕದ ಹಳೆಯ ಕಟ್ಟಡದ ಬಾಡಿಗೆದಾರರಿಗೆ ಅದೇ ಏರಿಕೆ ನೋಟಿಸ್ ಆಗಿ ಬರಬಹುದು, ಅದನ್ನು ಮರೆಯಬಾರದು.

ಕಾನೂನು ಕೇಳದ ಪ್ರಶ್ನೆಯನ್ನು ಸ್ಥಳೀಯರೇ ಕೇಳಿದರೆ ಏನಾಗುತ್ತದೆ? ಅದಕ್ಕೆ ಲಿಬರ್ಟಿ ಬ್ಯಾಂಕ್ ಕಟ್ಟಡ ಉದಾಹರಣೆ. 24ನೇ ಅವೆನ್ಯೂ ಮತ್ತು ಯೂನಿಯನ್ ಸ್ಟ್ರೀಟ್ ಮೂಲೆಯಲ್ಲಿ 1968ರಲ್ಲಿ ಶುರುವಾದ ಲಿಬರ್ಟಿ ಬ್ಯಾಂಕ್ ಆ ಭಾಗದ ಮೊದಲ ಕಪ್ಪು ಒಡೆತನದ ಬ್ಯಾಂಕು. ಬೇರೆ ಬ್ಯಾಂಕುಗಳು ಬಾಗಿಲು ಹಾಕಿದವರಿಗೆ ಸಾಲ ಕೊಟ್ಟದ್ದು ಅದು, 1988ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ 2019ರಲ್ಲಿ 115 ಮನೆಗಳ ಕಟ್ಟಡ ತೆರೆಯಿತು, ತೆರಿಗೆ ಕ್ರೆಡಿಟ್ ಹಣ ಸೇರಿದ ಯೋಜನೆ. ಕಟ್ಟಿದ ಕ್ಯಾಪಿಟಲ್ ಹಿಲ್ ಹೌಸಿಂಗ್, ಈಗಿನ ಹೆಸರಲ್ಲಿ ಕಮ್ಯುನಿಟಿ ರೂಟ್ಸ್ ಹೌಸಿಂಗ್, ಒಬ್ಬೊಂಟಿಯಾಗಿ ಕಟ್ಟಲಿಲ್ಲ. ಆಫ್ರಿಕಾಟೌನ್ ಭೂ ಟ್ರಸ್ಟ್, ಬರ್ಡ್ ಬಾರ್ ಪ್ಲೇಸ್, ಬ್ಲ್ಯಾಕ್ ಕಮ್ಯುನಿಟಿ ಇಂಪ್ಯಾಕ್ಟ್ ಅಲಯನ್ಸ್ ಸಂಸ್ಥೆಗಳ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಕಪ್ಪು ಗುತ್ತಿಗೆದಾರರಿಗೆ ಕೆಲಸದ ಪಾಲು, ನೆಲಮಹಡಿಯಲ್ಲಿ ಸ್ಥಳೀಯ ಅಂಗಡಿಗಳಿಗೆ ಜಾಗ, ಮುಂದೆ ಮಾಲೀಕತ್ವವೇ ಸಮುದಾಯದ ಕೈಗೆ ಹೋಗುವ ದಾರಿ ಎಲ್ಲವೂ ಬರೆದಿದೆ.

ಮನೆ ಖಾಲಿಯಿದೆ ಎಂಬ ಸುದ್ದಿಯನ್ನು ವೆಬ್‌ಸೈಟಿಗೆ ಹಾಕಿ ಕೈ ತೊಳೆದುಕೊಂಡಿದ್ದರೆ ಎಲ್ಲ ಕಡೆ ಆಗುವುದೇ ಇಲ್ಲೂ ಆಗುತ್ತಿತ್ತು. ಕಂಪ್ಯೂಟರ್ ಮುಂದೆ ಕೂತವರು, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸಿದ್ಧವಿಟ್ಟುಕೊಂಡವರು ಮೊದಲು ಅರ್ಜಿ ಹಾಕುತ್ತಿದ್ದರು. ಈ ಸಂಸ್ಥೆಗಳವರು ಚರ್ಚುಗಳಿಗೆ, ಸಂಘಗಳಿಗೆ, ಊರಾಚೆಗೆ ಹೋದವರಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸಿ ಕಾಗದಪತ್ರ ಹೊಂದಿಸಲು ನೆರವಾದರು. ಬಂದ ಬಾಡಿಗೆದಾರರಲ್ಲಿ ಹೆಚ್ಚಿನವರು ಕಪ್ಪು ಸಮುದಾಯದವರೇ ಆದರು. ಎದುರಿನ ಹಳೆಯ ಮಿಡ್‌ಟೌನ್ ಸೆಂಟರ್‌ನಲ್ಲಿ ದಶಕಗಳಿಂದ ಇದ್ದ ಅರ್ಲ್ಸ್ ಕಟ್ಸ್ ಅಂಡ್ ಸ್ಟೈಲ್ಸ್ ಎಂಬ ಕ್ಷೌರದಂಗಡಿ, ಆ ಸೆಂಟರ್ ನೆಲಸಮವಾಗುವಾಗ ರಸ್ತೆ ದಾಟಿ ಈ ಕಟ್ಟಡಕ್ಕೆ ಬಂತು. ಬಡಾವಣೆಯವರು ಸೇರಿ ಮಾತಾಡುವ ಒಂದು ಜಾಗ ಉಳಿದದ್ದು ಸಣ್ಣ ಮಾತಲ್ಲ. ಸೆಂಟರ್ ಇದ್ದ ಜಾಗದಲ್ಲಿ ಖಾಸಗಿಯವರ 400ಕ್ಕೂ ಹೆಚ್ಚು ಫ್ಲಾಟ್‌ಗಳ ಮಿಡ್‌ಟೌನ್ ಸ್ಕ್ವೇರ್ ಎದ್ದಿತು; ಅದೇ ಬ್ಲಾಕಿನ ಒಂದು ಭಾಗ ಆಫ್ರಿಕಾಟೌನ್ ಟ್ರಸ್ಟ್‌ಗೆ ದಕ್ಕಿ, ಅಲ್ಲಿ 126 ಮನೆಗಳ ಆಫ್ರಿಕಾಟೌನ್ ಪ್ಲಾಜಾ ಬಂದಿದೆ.

ಇದರಿಂದ ಬಡಾವಣೆ ಮೊದಲಿನಂತಾಯಿತೇ? ಇಲ್ಲ, ಆಗುವುದೂ ಇಲ್ಲ. ಲಿಬರ್ಟಿ ಬ್ಯಾಂಕ್ ಕಟ್ಟಡದಲ್ಲಿರುವುದು ಸ್ಟುಡಿಯೊ, ಒಂದು ಮತ್ತು ಎರಡು ಬೆಡ್‌ರೂಮಿನ ಮನೆಗಳು. ಕೆಂಟ್‌ಗೆ ಹೋಗಿ ಮೂರು ಮಕ್ಕಳನ್ನು ಸಾಕುತ್ತಿರುವ ದಂಪತಿ ಇಲ್ಲಿ ಹಿಡಿಸುವುದಿಲ್ಲ. ಒಂಟಿ ಹಿರಿಯರು, ಕೆಲಸಕ್ಕೆ ಸೇರಿದ ತರುಣರು ಮರಳುತ್ತಾರೆ, ಶಾಲೆಗೆ ಹೋಗುವ ಮಕ್ಕಳು ಮರಳುವುದಿಲ್ಲ. ಮನೆಯ ಸಂಖ್ಯೆ ಹೆಚ್ಚು ತೋರಿಸಿದಷ್ಟೂ ಹಣ ಸಿಗುವುದು ಸುಲಭವೆಂಬ ಪದ್ಧತಿ ಇರುವವರೆಗೂ ಮೂರು ಬೆಡ್‌ರೂಮಿನ ಮನೆ ಅಪರೂಪವೇ. ಇದು ಈ ಯೋಜನೆಯ ದೊಡ್ಡ ಕುಂದು ಎಂದು ನನಗನಿಸುತ್ತದೆ. ಜನಾಂಗದ ಚರ್ಚೆಯ ನಡುವೆ ಕುಟುಂಬದ ಚರ್ಚೆ ಮುಳುಗಿಹೋಗುತ್ತದೆ.

ಹಳೆಯ ನಿವಾಸಿಗಳಿಗೆ ಆದ್ಯತೆ ಕೊಡುವುದೂ ಕಾನೂನಿನ ದೃಷ್ಟಿಯಲ್ಲಿ ಸಲೀಸಲ್ಲ. ಬಿಳಿಯರ ಬಡಾವಣೆಯೂ 'ನಮ್ಮವರಿಗೆ ಮೊದಲು' ಎಂದರೆ ಹಳೆಯ ಬೇಲಿಯೇ ಮತ್ತೆ ಎದ್ದಂತೆ. ಸ್ಯಾನ್ ಫ್ರಾನ್ಸಿಸ್ಕೋ ಹೀಗೆ ನೆರೆಹೊರೆಯವರಿಗೆ ಆದ್ಯತೆ ಕೊಡಹೊರಟಾಗ ಫೆಡರಲ್ ವಸತಿ ಇಲಾಖೆ 2016ರಲ್ಲಿ ತಡೆಯಿತು. ಆಮೇಲೆ ಒಕ್ಕಲೆದ್ದು ಹೋಗುವ ಅಪಾಯವಿರುವ ಬಡಾವಣೆಗಳವರಿಗೆ ಎಂದು ತಿದ್ದಿದಾಗ ಶೇ. 40ಕ್ಕೆ ಒಪ್ಪಿತು. ನ್ಯೂಯಾರ್ಕ್ ಅರ್ಧದಷ್ಟು ಮನೆಗಳನ್ನು ಸ್ಥಳೀಯರಿಗೆ ಮೀಸಲಿಡುತ್ತಿತ್ತು. ದೀರ್ಘ ದಾವೆಯ ನಂತರ 2024ರ ರಾಜಿಯಲ್ಲಿ ಅದು ಶೇ. 20ಕ್ಕೆ ಇಳಿಯಿತು. ಸಿಯಾಟಲ್ ಆರಿಸಿಕೊಂಡ ದಾರಿ ಒಕ್ಕಲೆಬ್ಬಿಸುವಿಕೆಯ ಅಪಾಯ ಹೆಚ್ಚಿರುವ ಕಡೆ ಹಳೆಯ ಸಂಬಂಧಕ್ಕೆ ಆದ್ಯತೆ ಕೊಡುವುದು. ಅಲ್ಲಿ ಹಿಂದೆ ವಾಸವಿದ್ದವರು, ಅಲ್ಲಿ ಹಿರಿಯರ ಬೇರು ಇರುವವರು ಎಂದು ನೋಡುತ್ತಾರೆಯೇ ಹೊರತು ಜನಾಂಗವನ್ನು ಕೇಳುವುದಿಲ್ಲ. ಇದು ಸರಿಯಾದ ಹೆಜ್ಜೆ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವುದು 15ನೇ ವರ್ಷದ ಸಂಗತಿ. ಬ್ಯಾಂಕು 10 ವರ್ಷ ಕ್ರೆಡಿಟ್ ಪಡೆಯುತ್ತದೆ, 15 ವರ್ಷ ನಿಯಮ ಪಾಲಿಸಬೇಕು, ಬಾಡಿಗೆ ಮಿತಿ ಕನಿಷ್ಠ 30 ವರ್ಷ. ಆದರೆ 14ನೇ ವರ್ಷ ಮುಗಿದ ಮೇಲೆ ಮಾಲೀಕರು ಕಾನೂನಿನ ಸೂತ್ರದಂತೆ ಬರುವ ಬೆಲೆಗೆ ಖರೀದಿದಾರರನ್ನು ಹುಡುಕಿಕೊಡಿ ಎಂದು ರಾಜ್ಯವನ್ನು ಕೇಳಿ, ಒಂದು ವರ್ಷದಲ್ಲಿ ಸಿಗದಿದ್ದರೆ ಮಿತಿಯಿಂದ ಕಳಚಿಕೊಳ್ಳುವ ಕಿಂಡಿ ಕಾನೂನಿನಲ್ಲೇ ಇದೆ. ಹಲವು ರಾಜ್ಯಗಳು ಮೊದಲೇ ಆ ಹಕ್ಕು ಬಿಟ್ಟುಕೊಡುವಂತೆ ಬರೆಸಿಕೊಳ್ಳುತ್ತವೆ. ಲಾಭರಹಿತ ಸಂಸ್ಥೆಗಳಿಗೆ ಕಟ್ಟಡವನ್ನು ಮೊದಲು ಕೊಳ್ಳುವ ಹಕ್ಕೂ ಇದೆ, ಸಾಲ ಮತ್ತು ತೆರಿಗೆ ತೀರಿಸುವಷ್ಟು ಬೆಲೆಗೆ. ಈಚೆಗೆ, ಕ್ರೆಡಿಟ್‌ಗಾಗಿ ಹಣ ಹಾಕಿದ ಹೂಡಿಕೆದಾರರ ಪಾಲುಗಳನ್ನು ಕೊಂಡುಕೊಂಡ ಕಂಪನಿಗಳು ಆ ಹಕ್ಕನ್ನೇ ಕೋರ್ಟಿನಲ್ಲಿ ಪ್ರಶ್ನಿಸುತ್ತಿವೆ. ಸಿಯಾಟಲ್‌ನ ಫೆಡರಲ್ ಕೋರ್ಟಿನಲ್ಲೇ 2019ರಲ್ಲಿ, ಹಿರಿಯ ನಾಗರಿಕರ ಮನೆಗಳಿಗೆ ಸಂಬಂಧಿಸಿದ ಇಂಥ ಪ್ರಕರಣವೊಂದರಲ್ಲಿ ತೀರ್ಪು ಹೂಡಿಕೆದಾರರ ಪರವಾಗಿ ಬಂತು.

2025ರ ಫೆಡರಲ್ ತೆರಿಗೆ ಕಾನೂನು ಶೇ. 9ರ ಕ್ರೆಡಿಟ್‌ನ ರಾಜ್ಯವಾರು ಪಾಲನ್ನು ಶೇ. 12ರಷ್ಟು ಹೆಚ್ಚಿಸಿದೆ. ಶೇ. 4ರ ಕ್ರೆಡಿಟ್ ಪಡೆಯಲು ವೆಚ್ಚದ ಅರ್ಧಭಾಗ ಬಾಂಡ್ ಹಣ ಇರಬೇಕೆಂಬ ಷರತ್ತನ್ನು 2026ರಿಂದ ಕಾಲುಭಾಗಕ್ಕೆ ಇಳಿಸಿದೆ. ಆದ್ದರಿಂದ ಇನ್ನೂ ಹೆಚ್ಚು ಕಟ್ಟಡಗಳು ಬರುತ್ತವೆ. ಯಾವ ಗಾತ್ರದ ಮನೆ, ಯಾರಿಗೆ ಸುದ್ದಿ ಮುಟ್ಟಬೇಕು, 15ನೇ ವರ್ಷದಲ್ಲಿ ಮಾಲೀಕರು ಯಾರು ಎಂಬುದನ್ನು ಅಂಕ ಹಾಕುವ ರಾಜ್ಯದ ಸಂಸ್ಥೆ ಮೊದಲ ದಿನವೇ ಬರೆಸಿಕೊಳ್ಳಬಹುದು. ಅದಕ್ಕೆ ಸಂಸತ್ತಿನ ಹೊಸ ಕಾನೂನು ಬೇಕಿಲ್ಲ. ಲಿಬರ್ಟಿ ಬ್ಯಾಂಕ್ ಕಟ್ಟಡದ 15 ವರ್ಷ 2034ರ ಹೊತ್ತಿಗೆ ತುಂಬುತ್ತದೆ. ಆಗ ಅದನ್ನು ಕೊಳ್ಳಲು ಬೇಕಾದ ಹಣ, ಲಿಫ್ಟು ಚಾವಣಿಗಳ ದುರಸ್ತಿಗೆ ಬೇಕಾದ ನಿಧಿ, ಹಳೆಯ ಸಾಲವನ್ನು ಹೊಸ ಹೆಸರಿಗೆ ವರ್ಗಾಯಿಸುವ ಬ್ಯಾಂಕು, ಇವನ್ನು ಆಫ್ರಿಕಾಟೌನ್ ಟ್ರಸ್ಟ್ ಮತ್ತು ನಗರಸಭೆ ಈಗಿನಿಂದಲೇ ಹೊಂದಿಸತೊಡಗಬೇಕು. ಇಲ್ಲದಿದ್ದರೆ ಒಪ್ಪಂದದ ಕಾಗದ ಕೈಯಲ್ಲಿದ್ದೂ ಕಟ್ಟಡ ಕೈತಪ್ಪಬಹುದು.